ಹಾಜರಿ ಪೂರ್ತಿ, ಕೆಲಸ ಇಲ್ಲ

"ನಿಲ್ಲಿಸಿ, ಹಲ್ಲು ಕೀಳಬೇಡಿ" ಎನ್ನುತ್ತ ಬಾಗಿಲು ತಳ್ಳಿಕೊಂಡು ತಮ್ಮ ನುಗ್ಗಿದಾಗ, ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದದ್ದು ಅವನ ಅಕ್ಕನಲ್ಲ. ದಪ್ಪ ಮೀಸೆಯ ಯಾರೋ ಒಬ್ಬ ಗಂಡಸು. ಆತ ದಡಬಡಿಸಿ ಎದ್ದು ಕೂತು, "ನಾನೂ ಅದನ್ನೇ ಹೇಳ್ತಿದ್ದೆ ಸಾರ್, ಇವರು ಕೇಳ್ತಾನೇ ಇಲ್ಲ" ಎಂದು ಚಪ್ಪಲಿ ಹುಡುಕತೊಡಗಿದ. ಡಾಕ್ಟರಮ್ಮ ಇಕ್ಕಳ ಕೆಳಗಿಟ್ಟು ನೋಡಿದ ನೋಟಕ್ಕೆ, ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಲೇ ಐವತ್ತು ದಾಟಿದ್ದ ತಮ್ಮನಿಗೆ ತಾನೇ ಒಂದು ಅಚ್ಚಿನ ತಪ್ಪು ಅನ್ನಿಸಿತು; ಬಂದ ಹಾಗೆಯೇ ಹಿಂದೆ ಸರಿದ.

ಅಕ್ಕ ಎಕ್ಸ್‌ರೇ ಮುಗಿಸಿ ಹೊರಗೆ ಬೆಂಚಿನಲ್ಲಿ ಕೂತಿದ್ದಳು, ಊದಿದ ಕೆನ್ನೆಗೆ ಅಂಗೈ ಆನಿಸಿ.

"ಎಲ್ಲಿ ಹೋಗಿದ್ದೆಯೋ?"

"ಹೀಗೇ, ವಿಚಾರಿಸೋಣ ಅಂತ."

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಿಳಿ ರಕ್ತಕಣಗಳು ಕಡಿವಾಣವಿಲ್ಲದೆ ಹೆಚ್ಚುವ ಕಾಯಿಲೆ ಬಂದಾಗಿನಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಳು. ಕಾಯಿಲೆಯೇನೋ ಹತೋಟಿಗೆ ಬಂತು, ಆದರೆ ಬೆರಳಿಗೆ ಸೂಜಿ ಚುಚ್ಚಿದರೆ ರಕ್ತ ನಿಲ್ಲುವ ಮಾತೇ ಇಲ್ಲ. ಒಬ್ಬ ವಕೀಲರ ಬಿಳಿ ಅಂಗಿಯಂತೂ ಅವರೇ ನಡೆಸುವ ಕೊಲೆ ಮೊಕದ್ದಮೆಯ ಸಾಕ್ಷಿಯಂತಾಗಿತ್ತು.

"ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಬೇಕಾದಷ್ಟಿವೆಯಮ್ಮ" ಎಂದಿದ್ದರು ದೊಡ್ಡಾಸ್ಪತ್ರೆಯ ಡಾಕ್ಟರು. "ರಕ್ತನಾಳ ಹರಿದರೆ ಗೋಡೆಯ ನಾರು ಹೊರಗೆ ಕಾಣುತ್ತೆ. ಪ್ಲೇಟ್‌ಲೆಟ್ ಅದನ್ನ ಮುಟ್ಟಿದ ಕೂಡಲೇ ಅದರೊಳಗೆ ಟೈರೋಸಿನ್ ಕೈನೇಸ್ ಅನ್ನೋ ಕಿಣ್ವಗಳು ಒಂದನ್ನೊಂದು ತಟ್ಟಿ ಎಬ್ಬಿಸ್ತವೆ. ಆಗ ಅದಕ್ಕೆ ಅಂಟು ಬಂದು, ಅಕ್ಕಪಕ್ಕದವನ್ನೂ ಸೇರಿಸ್ಕೊಂಡು ತೂತು ಮುಚ್ಚುತ್ತೆ. ನಿಮ್ಮ ಮಾತ್ರೆ ಕಾಯಿಲೆಯ ಕಣದಲ್ಲಿರೋ ಒಂದು ಕೈನೇಸಿನ ಬಾಯಿ ಕಟ್ಟುತ್ತೆ. ಅದೇ ಕೈನೇಸ್ ಪ್ಲೇಟ್‌ಲೆಟ್ಟಿನಲ್ಲೂ ಇದೆ, ಏನು ಮಾಡೋದು."

"ಅಂದ್ರೆ ಹಾಜರಿ ಪೂರ್ತಿ, ಕೆಲಸ ಇಲ್ಲ" ಎಂದಿದ್ದಳು ಅಕ್ಕ.

ಈಗ ದವಡೆ ಹಲ್ಲು ಕೀವು ಕಟ್ಟಿತ್ತು. ಬಾಯಿ ಕಟ್ಟಿದ ಹಳೆಯವು ಹೋಗಿ ಹೊಸ ಪ್ಲೇಟ್‌ಲೆಟ್ ಹುಟ್ಟಿ ಬರುವವರೆಗೆ ಕೆಲವು ದಿನ ಮಾತ್ರೆ ನಿಲ್ಲಿಸಿ, ಆಮೇಲೆ ಹಲ್ಲು ಕೀಳುವುದೆಂದು ಡಾಕ್ಟರುಗಳು ತೀರ್ಮಾನಿಸಿದರು. ನುಂಗಿದರೆ ರಕ್ತ ನಿಲ್ಲದು, ನುಂಗದಿದ್ದರೆ ಕಾಯಿಲೆ ಮತ್ತೆ ತಲೆಯೆತ್ತೀತು. ಅತ್ತ ದರಿ, ಇತ್ತ ಪುಲಿ. ಮಾತ್ರೆಯ ಸ್ಟ್ರಿಪ್ಪನ್ನು ತಮ್ಮ ತನ್ನ ಜೇಬಿನಲ್ಲೇ ಇಟ್ಟು ಕಾವಲು ಕಾದ. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು. ಅಕ್ಕ ಎಕ್ಸ್‌ರೇಗೆ ಹೋದಾಗ ಸುಮ್ಮನೆ ಸ್ಟ್ರಿಪ್ ತೆಗೆದು ನೋಡಿದರೆ ಒಂದು ಗುಳಿ ಹೆಚ್ಚಿಗೆ ಖಾಲಿ. ನಿನ್ನೆ ಬೆಳಗ್ಗೆ ಕಣ್ಣುಜ್ಜಿಕೊಳ್ಳುತ್ತ, ರೂಢಿಬಲದಿಂದ ತಾನೇ ಮಾತ್ರೆ ಬಿಡಿಸಿ ನೀರಿನ ಲೋಟದ ಜೊತೆ ಅವಳ ಕೈಗಿಟ್ಟದ್ದು ಆಗ ನೆನಪಾಯಿತು. ಆ ನೆನಪು, ಅವಳಾಗಲೇ ಕುರ್ಚಿ ಏರಿರಬೇಕೆಂಬ ಗಾಬರಿ, ಎರಡೂ ಸೇರಿ ಅವನನ್ನು ಮೀಸೆಯವನ ಮೇಲೆ ನುಗ್ಗಿಸಿದ್ದು.

ಕೊನೆಗೆ ಅಕ್ಕನ ಸರದಿ ಬಂತು. ತಮ್ಮ ತಡವರಿಸುತ್ತ ಎಲ್ಲವನ್ನೂ ಒಪ್ಪಿಕೊಂಡ.

"ನಿನ್ನೆ ನುಂಗಿದ್ರೆ ಇವತ್ತು ಮುಟ್ಟೋ ಹಾಗಿಲ್ಲ" ಎಂದರು ಡಾಕ್ಟರಮ್ಮ. "ಈ ಕೀವು ನೋಡಿದ್ರೆ ಮುಂದೆ ಹಾಕೋ ಹಾಗೂ ಇಲ್ಲ."

ತಮ್ಮ ಗೋಡೆ ಹಿಡಿದುಕೊಂಡ.

"ನಾನು ನುಂಗಿಲ್ಲ" ಎಂದಳು ಅಕ್ಕ. "ಇವನು ಆ ಕಡೆ ಹೋದ ಮೇಲೆ ಬಟನ್ ಡಬ್ಬಿಗೆ ಹಾಕ್ದೆ."

"ಖಂಡಿತಾನಾ?"

"ಮನೇಗೆ ಬಂದು ನೋಡಿ ಡಾಕ್ಟ್ರೇ. ಡಬ್ಬೀಲಿ ತೂತಿಲ್ಲದ ಬಟನ್ ಅದೊಂದೇ."

ಹಲ್ಲು ಕಿತ್ತು ಬಂತು. ಹತ್ತಿಬಟ್ಟೆ ಕಚ್ಚಿಸಿ ಕೂರಿಸಿದರು. ಮೊದಲ ಬಟ್ಟೆ ಪೂರ್ತಿ ಕೆಂಪು. ತಮ್ಮ ಕಿಟಕಿಯತ್ತ ಮುಖ ತಿರುಗಿಸಿದ. ಎರಡನೆಯದೂ ಕೆಂಪೇ. ಅಕ್ಕ ಅವನ ಅಂಗಿಯ ತೋಳಿನ ಹೊಲಿಗೆ ಬಿಚ್ಚಿರುವುದನ್ನು ಬೆರಳಿನಿಂದ ತೋರಿಸಿದಳು. ಮುಂದಿನದು ಬರೀ ನಸುಗೆಂಪು. ಡಾಕ್ಟರಮ್ಮ ದೀಪ ಬಾಗಿಸಿ ಬಹಳ ಹೊತ್ತು ನೋಡಿ, "ಹೆಪ್ಪುಗಟ್ಟಿದೆ. ಪ್ಲೇಟ್‌ಲೆಟ್‌ಗಳು ಕೆಲಸಕ್ಕೆ ಬಂದಿವೆ" ಎಂದರು.

ಮೆಟ್ಟಿಲಿಳಿಯುವಾಗ ತಮ್ಮನಿಗೆ ಉಸಿರಿನ ಜೊತೆ ಕೋಪವೂ ಬಂತು. "ಅಲ್ಲಕ್ಕಾ, ಕೊಟ್ಟಾಗಲೇ ಹೇಳಬಾರದಿತ್ತಾ?"

ಅಕ್ಕ ಬಟ್ಟೆ ಕಚ್ಚಿದ ಹಲ್ಲಿನ ಸಂದಿಯಿಂದಲೇ ಹೇಳಿದಳು: "ಹೇಳಿದ್ರೆ ನೀನು ಬಿದ್ಬಿಡ್ತಿದ್ದೆ. ಎತ್ತೋಕೆ ಪುರುಸೊತ್ತಿರಲಿಲ್ಲ, ಒಂದು ಕಾಲರ್ ಬಾಕಿ ಇತ್ತು."