ಪಾಟೀಸವಾಲು ಇಲ್ಲ

ಗೋಡೆಯಾಚೆ ಕತ್ತರಿ ಕಚಕಚ ಎನ್ನುತ್ತಿತ್ತು. ಅದನ್ನು ಕೇಳುತ್ತಲೇ ದರ್ಜಿ ಅಕ್ಕ ಅರ್ಧ ಹೊಲಿದ ಅಂಗಿಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದಳು. ಅವಳು ಬೀಗ ಹಾಕುವ ಹೊತ್ತಿಗೆ ಕತ್ತರಿಯೂ ನಿಂತಿತು. ಪಕ್ಕದಂಗಡಿಯ ಕ್ಷೌರದವನೂ ಇವತ್ತು ಕೋರ್ಟಿಗೆ ಬರಬೇಕಿತ್ತು, ಮಾಲೀಕನ ಸಾಕ್ಷಿಯಾಗಿ.

ಮಾಲೀಕ ಅಂಗಡಿ ಬಿಡಿಸಲು ದಾವೆ ಹಾಕಿದ್ದ. ಹೋದ ವರ್ಷವಿಡೀ ಅದು ಬಳಕೆಯಿಲ್ಲದೆ ಮುಚ್ಚಿತ್ತು, ಹಾಗಾಗಿ ಬಿಡಬೇಕು ಎನ್ನುವುದು ಅವನ ವಾದ. ಆ ವರ್ಷ ಅಕ್ಕ ಹಾಸಿಗೆ ಹಿಡಿದ ಗಂಡನನ್ನು ಅಲ್ಲೇ ಮಲಗಿಸಿಕೊಂಡು, ಬಾಗಿಲು ಮುಂದೆ ಮಾಡಿ ಒಳಗೇ ಹೊಲಿದಿದ್ದಳು. ಆತ ಅಲ್ಲೇ ತೀರಿಕೊಂಡ. ಉಳಿದದ್ದು ಮೆಟ್ಟಿಲ ಕೆಳಗಿನ ಆ ಗೂಡಿನಂಥ ಅಂಗಡಿ, ಒಂದು ಮೆಷಿನ್ನು.

“ವಕೀಲರನ್ನ ಹಿಡಿಯೇ” ಎಂದು ತಂಗಿ ಗೋಗರೆದಿದ್ದಳು.

“ನಡೆದದ್ದು ಹೇಳೋಕೆ ಬಾಡಿಗೆ ಬಾಯಿ ಯಾಕೆ? ನನ್ನ ಹರಕು ನಾನೇ ಹೊಲ್ಕೋತೀನಿ.”

ಕಟಕಟೆಯಲ್ಲಿ ಕ್ಷೌರದವನು ಅವಳತ್ತ ನೋಡದೆ, “ಬಾಗಿಲು ಮುಚ್ಚಿತ್ತು ಸ್ವಾಮಿ” ಎಂದ.

ನ್ಯಾಯಾಧೀಶರು ಕೇಳಿದರು, “ಪಾಟೀಸವಾಲು ಮಾಡ್ತೀರಾಮ್ಮಾ?”

“ಅಂದ್ರೆ?”

“ಸಾಕ್ಷಿಗೆ ನೀವು ಪ್ರಶ್ನೆ ಕೇಳಬಹುದು.”

ಅವಳು ತಿರುಗಿದಳು. “ನೋಡಪ್ಪಾ, ನಾನು ಒಳಗೇ ಇದ್ದೆ. ನಮ್ಮನೆಯವರಿಗೆ ಮಾತ್ರೆ ಕೊಟ್ಟು, ಮಗ್ಗುಲು ಬದಲಿಸಿ, ಮತ್ತೆ ಬಂದು ಮೆಷಿನ್ ತುಳೀತಿದ್ದೆ...”

ಮಾಲೀಕನ ವಕೀಲ ಎದ್ದ. “ಇದು ಪ್ರಶ್ನೆ ಅಲ್ಲ ಸ್ವಾಮಿ.”

“ನಿಮ್ಮ ಕಡೆಯದು ಆಮೇಲೆ ಹೇಳುವಿರಂತೆ. ಈಗ ಬರೀ ಪ್ರಶ್ನೆ ಕೇಳಿ” ಎಂದರು ನ್ಯಾಯಾಧೀಶರು. ಗದರಲಿಲ್ಲ, ಮೆತ್ತಗೇ ಹೇಳಿದರು.

“ನೀನು ಹೇಳ್ತಿರೋದು ಸುಳ್ಳು!”

“ಅದೂ ಪ್ರಶ್ನೆ ಅಲ್ಲಮ್ಮಾ.”

ಹಿಂದೆ ಯಾರೋ ಕಿಸಕ್ಕೆಂದರು. ತೋಳು ಎಷ್ಟುದ್ದ ಇರಲಿ, ಕೊರಳು ಎಷ್ಟು ಇಳಿಸಲಿ, ಜೇಬು ಯಾವ ಕಡೆಗೆ ಎಂದು ಜನ್ಮವಿಡೀ ಜನರನ್ನು ಕೇಳಿದ ಬಾಯಿಗೆ ಇಲ್ಲಿ ಒಂದು ಪ್ರಶ್ನೆಯೂ ಸಿಗಲಿಲ್ಲ. ನ್ಯಾಯಾಧೀಶರು ಸ್ವಲ್ಪ ಹೊತ್ತು ಕಾದರು. ಮುಂದಿದ್ದ ಕಡತಗಳ ರಾಶಿ ನೋಡಿದರು. ಬೆರಳಚ್ಚುಗಾರ್ತಿಗೆ ಹೇಳಿ ಬರೆಸಿದರು: “ಪಾಟೀಸವಾಲು ಇಲ್ಲ.”

ಹೊರಗಿನ ಪಡಸಾಲೆಯಲ್ಲಿ ಕ್ಷೌರದವನು ಅವಳ ಹಿಂದೆಯೇ ಓಡಿಬಂದ.

“ಅಕ್ಕಾ, ಅವನು ನನಗೂ ಮಾಲೀಕ ತಾನೆ? ಬಾಗಿಲು ಮುಚ್ಚಿತ್ತಾ ಅಂದ್ರು, ಹೂಂ ಅಂದೆ. ನೀನು, ಮೆಷಿನ್ ಸದ್ದು ಕೇಳಿಸ್ತಿತ್ತೇನೋ ಅಂತ ಒಂದು ಮಾತು ಕೇಳಿದ್ದಿದ್ರೆ ಅದಕ್ಕೂ ಹೂಂ ಅಂತಿದ್ದೆ. ಇಲ್ಲ ಅನ್ನೋಕೆ ನಾಲಿಗೆ ಏಳ್ತಿರಲಿಲ್ಲ. ದಿನಾ ಕೇಳಿದೀನಿ, ಭಾವನ ಕೆಮ್ಮು ಕೂಡ.”

“ಹಾಗಾದ್ರೆ ಬಾ, ಈಗ ಹೇಳು.”

“ಈಗ ಯಾರು ಕೇಳ್ತಾರೆ? ಕಟಕಟೆಯಿಂದ ಇಳಿಸಿಬಿಟ್ರಲ್ಲ. ನೀನಾದ್ರೂ ಆಗಲೇ, ಕೆಮ್ಮು ಕೇಳಿಸ್ತಿತ್ತಾ ಅಂತ...”

ಅವನು ಇನ್ನೂ ಹೇಳುತ್ತಲೇ ಇದ್ದ. ಅವಳು ಅಂಗಡಿಯ ಬೀಗದ ಕೈಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು, ಮೆಟ್ಟಿಲಿಳಿದು ನಡೆದುಬಿಟ್ಟಳು.