ಹೊಟ್ಟಿನ ಬೂದಿ ಮತ್ತು ನ್ಯೂಟ್ರಾನು

ಸಿಂಧನೂರಿನಲ್ಲಿ ನಮ್ಮಪ್ಪನದು ವೆಲ್ಡಿಂಗ್ ಅಂಗಡಿ. ಅಕ್ಕಿ ಗಿರಣಿಯ ಶಾಫ್ಟು, ಟ್ರೇಲರಿನ ಅಚ್ಚು, ಏನೇ ಮುರಿದರೂ ಬೆಸೆದು ಕೊಡುತ್ತಿದ್ದ. ಬೆಸೆದ ಮೇಲೆ ಮಾತ್ರ ಅವನದೊಂದು ಹಟ. ಮಾಲನ್ನು ಭತ್ತದ ಹೊಟ್ಟಿನ ಬೆಂಕಿಯಲ್ಲಿ ಮಂದಗೆಂಪಾಗುವ ತನಕ ಕಾಯಿಸಿ, ಅದೇ ಹೊಟ್ಟಿನ ಬಿಸಿ ಬೂದಿಯಲ್ಲಿ ಹುಗಿದುಬಿಡುತ್ತಿದ್ದ. ಹೊರಗೆ ತೆಗೆಯುವುದು ಮರುದಿನವೇ. ಗಿರಣಿ ನಿಂತಿದೆ ಎಂದು ಮಾಲೀಕರು ಎಷ್ಟು ಗೋಗರೆದರೂ ಜಗ್ಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಹೊಸ ಅಂಗಡಿಗಳು ಬಂದವು. ಅವರು ಬೆಸೆದ ಮಾಲಿಗೆ ನೀರು ಸುರಿದು ಗಂಟೆಯೊಳಗೆ ಕೈಗಿಡುತ್ತಿದ್ದರು. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ನಾನಾಗ ಲಿಂಗಸುಗೂರಿನಲ್ಲಿ ಲೋಹಶಾಸ್ತ್ರ ಪಾಠ ಮಾಡುತ್ತ, ಜೊತೆಗೆ ಸಂಶೋಧನೆಯ ಹುಚ್ಚನ್ನೂ ಹಚ್ಚಿಕೊಂಡಿದ್ದೆ. ದೂರದ ಒಂದು ಅಣು ರಿಯಾಕ್ಟರಿನಲ್ಲಿ ಮೂರು ದಿನ ನ್ಯೂಟ್ರಾನು ಬಳಸಲು ನನಗೆ ಅವಕಾಶ ಸಿಕ್ಕಿತ್ತು.

ಬೂದಿಯಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಅಲ್ಲಿ ಅಳೆದು ನೋಡೋಣ ಎಂದು ಅಪ್ಪನಿಗೆ ಬಿಡಿಸಿ ಹೇಳಿದೆ. ಉಕ್ಕಿನೊಳಗೆ ಪರಮಾಣುಗಳು ಭತ್ತ ನಾಟಿ ಮಾಡಿದ ಹಾಗೆ ಸಾಲಾಗಿ ನಿಂತಿರುತ್ತವೆ. ಬೆಸುಗೆ ಆರುವಾಗ ಒಳಗೆ ಎಳೆತ ಉಳಿದರೆ ಸಾಲುಗಳ ನಡುವಿನ ಅಂತರ ಕೂದಲೆಳೆಗಿಂತ ಎಷ್ಟೋ ಕಡಿಮೆ ಹಿಗ್ಗುತ್ತದೆ. ಎಕ್ಸ್-ರೇ ಮೇಲಿನ ಸಿಪ್ಪೆಯನ್ನಷ್ಟೇ ನೋಡುತ್ತದೆ, ನ್ಯೂಟ್ರಾನು ಆಳಕ್ಕೆ ಹೋಗಿ ಬರುತ್ತದೆ. ಅದು ಯಾವ ಕೋನದಲ್ಲಿ ಚದುರಿತು ಎಂದು ಅಳೆದರೆ ಆ ಅಂತರ ತಿಳಿಯುತ್ತದೆ, ಅಂತರದಿಂದ ಒಳಗಿನ ಬಿಗಿ ತಿಳಿಯುತ್ತದೆ. ಬಿಗಿ ಹೆಚ್ಚಿದಷ್ಟೂ ಬೆಸುಗೆ ಬೇಗ ಬಿರಿಯುತ್ತದೆ. ಅಪ್ಪ ಬೀಡಿ ಆರುವ ತನಕ ಕೇಳಿದ.

"ನಿನ್ನ ಮಷಿನ್ ಬೂದಿಯಿಂದ ಉಪಯೋಗಿಲ್ಲ ಅಂದ್ರ ನಾಳಿಂದನ ಬಿಟ್ಟಬಿಡ್ತೀನಿ," ಅಂದ.

ಒಂದೇ ಉಕ್ಕಿನ ಎರಡು ತುಂಡುಗಳನ್ನು ಬೇರೆ ಬೇರೆಯಾಗಿ ಬೆಸೆದು, ಒಂದನ್ನು ಮಾತ್ರ ಬೂದಿಯಲ್ಲಿ ಹುಗಿಯಲು ಹೇಳಿದೆ. ತಲೆಯಾಡಿಸಿದ. ಗುರುತು ಹಾಕಿದ ತುಂಡುಗಳನ್ನು ಚೀಲದಲ್ಲಿಟ್ಟುಕೊಂಡು ರಿಯಾಕ್ಟರಿಗೆ ಹೋದೆ. ಮೂರು ದಿನ ಅಳೆದರೂ ಎರಡರಲ್ಲೂ ಬಿಗಿ ಒಂದೇ. ಎರಡರಲ್ಲೂ ಇಷ್ಟು ಕಡಿಮೆಯೇ ಎಂದು ಅಲ್ಲಿನ ಹಿರಿಯರು ಹುಬ್ಬೇರಿಸಿದರು. ನಾನು ಪಂಡಿತ, ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸು ಹತ್ತಿದವನು ಮಸ್ಕಿ ಬರುವ ತನಕ ಅಪ್ಪನಿಗೆ ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ. ಮಸ್ಕಿಯಲ್ಲಿ ಚಹಾ ಕುಡಿದೆ, ಜೋಡಿಸಿದ್ದೆಲ್ಲ ಮರೆತುಹೋಯಿತು. ಕೊನೆಗೆ ಅಂಗಡಿಯಲ್ಲಿ ನಿಂತು ಒಂದೇ ಉಸಿರಿಗೆ, ವ್ಯತ್ಯಾಸವೇನೂ ಇಲ್ಲ ಎಂದುಬಿಟ್ಟೆ. ಅಪ್ಪ ಸಲಿಕೆ ತೆಗೆದುಕೊಂಡು ಬೂದಿ ಗುಡ್ಡೆ ಎತ್ತಿಹಾಕಲು ಹೊರಟ. ನಾನು ಹಿಂದೆಯೇ ಹೋದೆ. ಸಮಾಧಾನ ಮಾಡಲು, ಎರಡರಲ್ಲೂ ಬಿಗಿ ಬಹಳ ಕಡಿಮೆ ಇತ್ತು, ನಿನ್ನ ಕೈ ಚಲೋ ಇದೆ ಎಂದೆ.

ಅವನು ನಿಂತ. ಸಲಿಕೆ ಗೋಡೆಗೆ ಒರಗಿಸಿದ.

"ಎರಡೂ ಹುಗಿದಿದ್ದೆ," ಅಂದ. "ನನ್ನ ಅಂಗಡ್ಯಾಗಿಂದ ಹಸಿ ಬೆಸುಗಿ ಹೆಂಗ ಕಳಸಲಿ? ಅದೂ ಅಂಥಾ ದೊಡ್ಡ ಮಂದಿ ಮುಂದ."

ನನಗೆ ಸಿಟ್ಟು ನೆತ್ತಿಗೇರಿತು. ತಿಂಗಳುಗಟ್ಟಲೆ ಕಾದು ಪಡೆದ ಮೂರು ದಿನ ಮಣ್ಣುಪಾಲು. ಆಮೇಲೆ ನಗು ಬಂತು, ತಡೆಯಲಾಗಲಿಲ್ಲ. ಅಪ್ಪನೂ ಮೀಸೆಯಲ್ಲೇ ನಕ್ಕ. ಮರುದಿನ ಅದೇ ಉಕ್ಕಿನ ಮೂರನೇ ತುಂಡನ್ನು ನಾನೇ ಬೆಸೆದು ಹಾಗೇ ಆರಲು ಬಿಟ್ಟೆ. ಅದನ್ನು ನೋಡಲಾಗದೆ ಅಪ್ಪ ಗೊರೇಬಾಳದಲ್ಲಿ ಕೆಲಸವಿದೆ ಎಂದು ಹೊರಟುಹೋದ.

ರಿಯಾಕ್ಟರಿನ ಹಿರಿಯರು ದೊಡ್ಡ ಮನಸ್ಸು ಮಾಡಿ ಇನ್ನರ್ಧ ದಿನ ಕೊಟ್ಟರು. ಈ ಸಲ ಅನುಮಾನಕ್ಕೆ ಜಾಗವೇ ಇರಲಿಲ್ಲ. ಹಸಿ ತುಂಡಿನ ಒಳಗೆಲ್ಲ ಬಿಗಿ ತುಂಬಿತ್ತು. ಗ್ರಾಫಿನ ಹಾಳೆ ಹಿಡಿದು ಊರಿಗೆ ಓಡಿಬಂದೆ, ಅಪ್ಪನ ಮುಂದೆ ಹರಡಿ, ಬೂದಿಯೇ ಗೆದ್ದಿತು ಎಂದೆ. ಅವನು ಗೆರೆಗಳ ಮೇಲೆ ಬೆರಳಾಡಿಸಿದ.

"ಆ ಹಸಿ ತುಂಡು ಎಲ್ಲೈತಿ?"

ರಿಯಾಕ್ಟರಿನವರ ಕಪಾಟಿನಲ್ಲಿದೆ ಎಂದೆ.

"ವಾಪಸ್ ತಗೊಂಡು ಬಾ. ಕಾಯಿಸಿ ಹುಗಿಯೋಣು. ನೀ ಬೆಸದಿದ್ರೂ ನಮ್ಮ ಅಂಗಡಿ ಮಾಲು ಅದು."

ಲಿಂಗಸುಗೂರಿಗೆ ಹೋದವನೇ ಆ ತುಂಡು ವಾಪಸ್ ಬೇಕೆಂದು ಪತ್ರ ಬರೆದೆ. ಕಾರಣ ಕೊಡಬೇಕಿದ್ದ ಜಾಗದಲ್ಲಿ, ಕೆಲಸ ಇನ್ನೂ ಮುಗಿದಿಲ್ಲ ಎಂದು ಬರೆದೆ.