ಸುಡುವ ಗಿಡಕ್ಕೆ ನೀರು

ಬೀದರಿನಿಂದ ಔರಾದಿಗೆ ಹೊರಟ ಬಸ್ಸು ಜನವಾಡ ದಾಟುತ್ತಲೇ ಕೆಟ್ಟು ನಿಂತಿತು. ಕುಡಿಯುವ ನೀರಿಗಾಗಿ ರಸ್ತೆ ಪಕ್ಕದ ನರ್ಸರಿಯೊಳಗೆ ಹೋದೆ. ಅಂಗಳದಲ್ಲಿ ಬೇರುಸಮೇತ ಕಿತ್ತ ಗುಲಾಬಿ ಗಿಡಗಳ ರಾಶಿ ಬಿದ್ದಿತ್ತು. ಕೆಲವು ಇನ್ನೂ ಮೊಗ್ಗು ಹಿಡಿದಿದ್ದವು.

ಅವು ಹೊರದೇಶದಿಂದ ತರಿಸಿದ ಗಿಡಗಳೆಂದು ಅಲ್ಲಿದ್ದವರು ಹೇಳಿದರು. ನಿಯಮದ ಪ್ರಕಾರ ರೋಗ, ಹುಳ ಇದೆಯೇ ಎಂದು ನೋಡಲು ತಿಂಗಳುಗಟ್ಟಲೆ ಬಲೆ ಹೊದಿಸಿದ ಮನೆಯಲ್ಲಿ ಬೇರೆಯಾಗಿಟ್ಟು ಸಾಕಿದ್ದರು. ತಪಾಸಣೆಗೆ ಬಂದ ಅಧಿಕಾರಿಗೆ ಒಂದೆರಡು ಎಲೆಗಳ ಅಡಿಯಲ್ಲಿ ನಮ್ಮ ದೇಶದಲ್ಲಿಲ್ಲದ ಹುಳ ಕಂಡಿತ್ತು. ಅಷ್ಟನ್ನೂ ಸುಡಬೇಕೆಂದು ಆದೇಶ. ತಪ್ಪು ಯಾರದೂ ಅಲ್ಲ, ಅದೇ ಬೇಸರ.

ಅಧಿಕಾರಿ ಮೂರು ಸಲ ಕಡ್ಡಿ ಗೀರಿದರೂ ಹೊಗೆ ಎದ್ದಿತೇ ಹೊರತು ಬೆಂಕಿ ಹತ್ತಲಿಲ್ಲ. ಅವರು ಬೇರು ಮುಟ್ಟಿ ನೋಡಿ, ಗಿಡಗಳನ್ನು ಸಾಕಿದ ಕಾಶಮ್ಮನ ಕಡೆ ತಿರುಗಿದರು.

“ನೀರ್ ಹಾಕಬ್ಯಾಡ ಅಂದಿದ್ನಲ್ಲ ಕಾಶಮ್ಮಾ?”

“ಮುಂಜಾನಿ ಹಾಕೀನ್ರಿ ಸಾಹೇಬ್ರ. ಹೋಗೋ ಜೀವದ ಬಾಯಾಗ ನೀರ್ ಬಿಡಲಾರ್ದ ಹ್ಯಾಂಗ ಕಳಸಬೇಕ್ರಿ?”

ರಸ್ತೆಯಲ್ಲಿ ಕಂಡಕ್ಟರ್ ಸೀಟಿ ಊದಿದ. ಗೇಟು ದಾಟಿ ತಿರುಗಿ ನೋಡಿದೆ. ಕಾಶಮ್ಮ ಒಣಗಿದ ತೊಗರಿ ಕಟ್ಟಿಗೆಯ ಹೊರೆ ತಂದು, ಗಿಡಗಳ ಅಡಿಗೆ ತಾನೇ ತುರುಕುತ್ತಿದ್ದಳು.